ಅಜ್ಜಿಗೆ ತಿಳಿಯದ ಎ1

ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 100 ಅಂಕ, ಪ್ರಥಮ ಭಾಷೆ ಕನ್ನಡಕ್ಕೆ 125, ಒಟ್ಟು 625. ಲೆಕ್ಕದಲ್ಲಿ ಎಡವಿದರೂ ಕನ್ನಡ ಕೈ ಹಿಡೀತಿತ್ತು. ನನಗಂತೂ ಅದೇ ಅಚ್ಚುಮೆಚ್ಚಿನ ವಿಷಯ.

ಮಗಳು ಇಲ್ಲಿ ನೋಯ್ಡಾದಲ್ಲಿ ಹತ್ತನೇ ತರಗತಿ ಮುಗಿಸಿದ್ದು 2012ರಲ್ಲಿ. 2010ರಿಂದ 2017ರವರೆಗೆ ಸಿಬಿಎಸ್‌ಇ ಹತ್ತನೆಯವರಿಗೆ ಅಂಕದ ಬದಲು ಗ್ರೇಡು ಕೊಡುತ್ತಿತ್ತು. ಸಿಬಿಎಸ್‌ಇಯಲ್ಲಿ ಕನ್ನಡವೂ ಒಂದು ವಿಷಯವೇ. ದೆಹಲಿಯ ಲೋಧಿ ಎಸ್ಟೇಟಿನಲ್ಲಿ ಕನ್ನಡ ಶಾಲೆಯೂ ಇದೆ. ನಮಗೆ ಅದು ದೂರ. ಇವಳ ಶಾಲೆಯಲ್ಲಿ ಸಿಗುತ್ತಿದ್ದದ್ದು ಸಂಸ್ಕೃತ. 'ಸ್ಕೋರಿಂಗ್ ಸಬ್ಜೆಕ್ಟು' ಅಂತ ಎಲ್ಲರೂ ತಗೊಂಡರು, ಇವಳೂ ತಗೊಂಡಳು.

ಕನ್ನಡ ಭಾನುವಾರದ ಪಾಲಾಯಿತು. ಊಟದ ಮೇಜೇ ಶಾಲೆ. ಗ್ರೇಡಿಲ್ಲ, ಪರೀಕ್ಷೆಯಿಲ್ಲ.

ರಿಸಲ್ಟು ಬಂದ ದಿನ ಊರಿಂದ ಅಮ್ಮನ ಫೋನು: "ಎಷ್ಟು ಬಂತೋ ಮಗೂಗೆ?" 91 ಬಂದರೂ ಎ1, 100 ಬಂದರೂ ಎ1 ಅಂತ ವಿವರಿಸಿ ಸುಸ್ತಾದೆ. ಕೊನೆಗೆ ಮಗಳೇ ಅಜ್ಜಿಗೆ ಕನ್ನಡದಲ್ಲಿ ಕಾಗದ ಬರೆದಳು. ಎರಡು ಪುಟ, ಹತ್ತು ಕಡೆ ಒತ್ತಕ್ಷರ ತಪ್ಪು.

ವಾರದ ಮೇಲೆ ಮತ್ತೆ ಫೋನು: "ನಿನ್ನ ಎ1 ನಂಗೆ ತಿಳೀಲಿಲ್ಲ ಪುಟ್ಟೀ, ಕಾಗದ ತಿಳೀತು."

2018ರಿಂದ ಹತ್ತನೆಯವರಿಗೆ ಮತ್ತೆ ಅಂಕ ಬಂದಿದೆ. ನಿಮ್ಮ ಮಕ್ಕಳ ಅಂಕಪಟ್ಟಿಯಲ್ಲಿ ಕನ್ನಡದ ಸಾಲು ಇಲ್ಲದಿದ್ದರೆ, ಅಜ್ಜಿಗೊಂದು ಕಾಗದ ಬರೆಸಿ ನೋಡಿ.