ಸಂಜೀವಿನಿಯ ಲೆಕ್ಕ

ಸತ್ತವರನ್ನು ಬದುಕಿಸುವ ವಿದ್ಯೆ ಒಂದೇ ಪಕ್ಷದ ಕೈಯಲ್ಲಿದ್ದರೆ ಯುದ್ಧಕ್ಕೆ ಅರ್ಥವೇ ಉಳಿಯುವುದಿಲ್ಲ. ಇದನ್ನು ಪುರಾಣದ ದೇವತೆಗಳು ಬಲ್ಲರು. ಶುಕ್ರಾಚಾರ್ಯರು ಮೃತಸಂಜೀವಿನಿಯಿಂದ ಬಿದ್ದ ದಾನವರನ್ನೆಲ್ಲ ಎಬ್ಬಿಸತೊಡಗಿದಾಗ, ಬೃಹಸ್ಪತಿಯ ಮಗನಾದ ಕಚನನ್ನು ಅವರಲ್ಲಿಗೆ ಶಿಷ್ಯನನ್ನಾಗಿ ಕಳುಹಿಸಿ ಆ ವಿದ್ಯೆಯನ್ನು ತಮ್ಮ ಕಡೆಗೂ ತರಿಸಿಕೊಂಡರು. ನಮ್ಮ ಹಾಸ್ಟೆಲಿನ ಗೆಳೆಯರು ಕಂಪ್ಯೂಟರ್ ಆಟಗಳ ವಿಷಯವಾಗಿ ನಡುರಾತ್ರಿಯವರೆಗೆ ಹೂಡುವ ವಾದವೂ ಇದೇ ಎಂದರೆ ಗುರುಗಳು ನಗಬಹುದು.

ಆ ವಾದದಲ್ಲಿ ಮೇಲಿಂದ ಮೇಲೆ ಬರುವ ಹೆಸರು ಮರ್ಸಿ. 2016ರಲ್ಲಿ ಹೊರಬಂದ ಓವರ್‌ವಾಚ್ ಎಂಬ ಆಟದಲ್ಲಿ ಈಕೆ ವೈದ್ಯೆ. ಶಕ್ತಿ ಕೂಡಿಬಂದಾಗ, ಹತ್ತಿರದಲ್ಲಿ ಸತ್ತುಬಿದ್ದ ಜೊತೆಗಾರರನ್ನೆಲ್ಲ ಒಂದೇ ಸಲ ಎಬ್ಬಿಸುತ್ತಿದ್ದಳು. ಪರಿಣಾಮವೇನು? ಮದ್ದು ಹಾಕಬೇಕಾದವಳು ಗೋಡೆಯ ಮರೆಯಲ್ಲಿ ಅಡಗಿ, ತನ್ನವರು ಸಾಯಲೆಂದು ಕಾಯುವುದೇ ಜಾಣತನವಾಯಿತು! ಎದುರಾಳಿಗಳ ಶ್ರಮವೆಲ್ಲ ಒಂದು ಗಳಿಗೆಯಲ್ಲಿ ನೀರುಪಾಲು. ಆದ್ದರಿಂದ 2017ರ ಸೆಪ್ಟೆಂಬರಿನಲ್ಲಿ ನಿಯಮ ಬದಲಾಯಿತು: ಸಲಕ್ಕೆ ಒಬ್ಬನನ್ನು ಮಾತ್ರ ಎಬ್ಬಿಸಬೇಕು, ಅನಂತರ 30 ಸೆಕೆಂಡು ಕಾಯಬೇಕು. ನೋಡಲು ಇದು ಕಡಿತವೇ. ಆದರೆ ಅಪರೂಪವಾಗಿದ್ದ ವರ ಅರ್ಧ ನಿಮಿಷಕ್ಕೊಮ್ಮೆ ಸಿಗುವಂತಾಗಿ, ಮರ್ಸಿಯಿಲ್ಲದೆ ಆಟಕ್ಕಿಳಿಯಲು ಪಕ್ಷಗಳು ಹಿಂಜರಿದವು. ಕಡೆಗೆ ಎಬ್ಬಿಸುವ ಕೆಲಸಕ್ಕೇ ಹೊತ್ತು ಹಿಡಿಯುವಂತೆ ಮಾಡಿ, 2018ರಲ್ಲಿ ಅವಳ ಬಲವನ್ನು ಇನ್ನಷ್ಟು ತಗ್ಗಿಸಬೇಕಾಯಿತು.

ಈ ಕತೆ ಕೇಳಿದಾಗ ನನಗೆ ನಮ್ಮ ಕಬಡ್ಡಿ ನೆನಪಾಯಿತು. ಹಿಂದೆ ಅದಕ್ಕೆ ಮೂರು ರೂಪಗಳಿದ್ದವು. ‘ಅಮರ’ದಲ್ಲಿ ಔಟಾದವನು ಅಂಗಳ ಬಿಡುವುದಿಲ್ಲ, ಎದುರಾಳಿಗೆ ಅಂಕ ಮಾತ್ರ ಸಲ್ಲುತ್ತದೆ. ‘ಗಾಮಿನಿ’ಯಲ್ಲಿ ಔಟಾದವನು ತನ್ನ ಪಕ್ಷವೆಲ್ಲ ಔಟಾಗುವವರೆಗೆ ಹೊರಗೆ ಕೂಡಬೇಕು. ‘ಸಂಜೀವಿನಿ’ಯಲ್ಲಿ ಎದುರಾಳಿಯೊಬ್ಬ ಔಟಾದರೆ ನಮ್ಮವನೊಬ್ಬನಿಗೆ ಜೀವ. ಇಂದಿನ ಪಂದ್ಯಗಳಲ್ಲಿ ಉಳಿದಿರುವುದು ಈ ಜೀವದಾನದ ನಿಯಮವೇ.

ಇದರ ಲೆಕ್ಕ ಬಹು ಸೊಗಸು. ಇಲ್ಲಿ ವೈದ್ಯನಿಲ್ಲ, ಅಡಗಿ ಕುಳಿತು ಜೀವ ಹಂಚುವಂತಿಲ್ಲ, ಎದುರಾಳಿಯನ್ನು ಮುಟ್ಟಿ ಅಥವಾ ಹಿಡಿದು ಗಳಿಸಬೇಕು. ಬೋನಸ್ ಗೆರೆ ದಾಟಿದರೆ ಅಂಕವುಂಟು, ಜೀವವಿಲ್ಲ. ಒಂದು ಪಕ್ಷವೆಲ್ಲ ಔಟಾದರೆ ಗೆದ್ದವರಿಗೆ ಲೋನಾದ 2 ಹೆಚ್ಚಿನ ಅಂಕ. ಆದರೆ ಸೋತ ಏಳು ಜನರೂ ಮತ್ತೆ ಒಳಗೆ. ಎಲ್ಲಕ್ಕೂ ಮಿಗಿಲಾದದ್ದು ಸರತಿ: ಔಟಾದ ಕ್ರಮದಲ್ಲಿಯೇ ಜೀವ ಬರಬೇಕು.

ಈ ಸರತಿಯ ಬೆಲೆ ನನಗೆ ಗೊತ್ತು. ಬಸವನ ಬಾಗೇವಾಡಿ ತಾಲೂಕಿನ ನಮ್ಮ ಇಂಗಳೇಶ್ವರದ ಬಯಲಿನಲ್ಲಿ ಎಲ್ಲರಿಗಿಂತ ಬಡಕಲು ಹುಡುಗ ನಾನೇ. ಮೊದಲು ಔಟಾಗುವ ಗೌರವ ನನಗೆ ಮೀಸಲು. ದೊಡ್ಡವರು ಆಡಿಸುತ್ತಿದ್ದ ಆಟದಲ್ಲಿ ಸತ್ತವನು ಸತ್ತನೇ. ನಾನು ಬೇವಿನ ಮರದ ಕೆಳಗೆ ಕುಳಿತು ಇತರರ ಆಟ ನೋಡುತ್ತಿದ್ದೆ. ಶಾಲೆಯಲ್ಲಿ ಜೀವದಾನದ ನಿಯಮ ಬಂದಾಗ ನಾಯಕನು ಗಟ್ಟಿಗನೊಬ್ಬನನ್ನು ತೋರಿಸಿ, “ಸರ್, ಇವನ್ ಬ್ಯಾಡ್ರಿ, ಅವನ್ನ ಒಳಗ ಬಿಡ್ರಿ” ಎಂದ. ಮಾಸ್ತರರು ಒಪ್ಪಲಿಲ್ಲ. “ಮೊದಲ ಹೋದಾಂವ ಮೊದಲ ಒಳಗ” ಎಂದರು. ಮೊದಲು ಬೀಳುವವನೇ ಮೊದಲು ಏಳುವುದಾದ್ದರಿಂದ ಒಂದೇ ಸಂಜೆಗೆ ನಾಲ್ಕಾರು ಸಲ ಅಂಗಳಕ್ಕಿಳಿದೆ. ಉಸಿರು ಹಿಡಿಯುವುದನ್ನೂ ಕಾಲು ಎಳೆದುಕೊಳ್ಳುವುದನ್ನೂ ಕಲಿತದ್ದು ಹೀಗೆ. ಗಾಮಿನಿಯೇ ನಡೆದಿದ್ದರೆ ನಾನು ನೋಡುವವನಾಗಿಯೇ ಉಳಿಯುತ್ತಿದ್ದೆ.

ಆಟದ ಸಮತೋಲವೆಂದರೆ ಎರಡು ಪಕ್ಷಗಳ ಬಲ ಸರಿಯಾಗಿರುವುದೆಂದು ಗೆಳೆಯರು ವಾದಿಸುತ್ತಾರೆ. ಅದು ನಿಜ, ಆದರೆ ಅರ್ಧ ನಿಜ. ಜೀವ ಸುಲಭವಾದರೆ ಗೆದ್ದವನ ಬೆವರಿಗೆ ಬೆಲೆಯಿಲ್ಲ. ಜೀವವೇ ಇಲ್ಲದಿದ್ದರೆ ದುರ್ಬಲನಿಗೆ ಕಲಿಯುವ ದಾರಿಯಿಲ್ಲ. ಮರ್ಸಿಯನ್ನು ತಿದ್ದಿದವರು ತಿಂಗಳುಗಟ್ಟಲೆ ಹುಡುಕಿದ್ದು ಇವೆರಡರ ನಡುವಣ ಜಾಗವನ್ನೇ. ಮುಂದೆ ಯಾರಾದರೂ ಹೊಸ ಆಟ ಕಟ್ಟುವುದಾದರೆ, ಪಕ್ಷದ ಬಲವನ್ನು ಅಳೆಯುವುದರ ಜೊತೆಗೆ ಗೆರೆಯಾಚೆ ಕುಳಿತವನ ಸರತಿ ಯಾವಾಗ ಬರುತ್ತದೆಂಬುದನ್ನೂ ಎಣಿಸಲಿ ಎಂಬುದು ನನ್ನ ವಿನಂತಿ.