ವೆಸೂವಿಯಸ್ ತಪ್ಪಲಿನ ಕೆಂಪು ಬಾಟಲಿಗಳು

ಇಟಲಿಯ ನೇಪಲ್ಸ್ ಬಿಟ್ಟು, ವೆಸೂವಿಯಸ್ ಜ್ವಾಲಾಮುಖಿಯನ್ನು ಬಳಸಿ ಆಗ್ನೇಯಕ್ಕೆ ಸಾಗಿದರೆ ಸಾರ್ನೊ ನದಿಯ ಬಯಲು ಸಿಗುತ್ತದೆ. ಜ್ವಾಲಾಮುಖಿಯ ಬೂದಿ ಬೆರೆತ ಈ ಮಣ್ಣು ಬಹಳ ಫಲವತ್ತು. ನೀಳವಾದ, ಬೀಜ ಕಡಿಮೆಯಿರುವ ಸಾನ್ ಮಾರ್ಜಾನೊ ಟೊಮೇಟೊ ಇಲ್ಲಿಯದೇ. 1996ರಲ್ಲಿ ಐರೋಪ್ಯ ಒಕ್ಕೂಟ ಈ ಹೆಸರಿಗೆ ಕಾನೂನಿನ ರಕ್ಷಣೆ ನೀಡಿತು.

ಆಗಸ್ಟ್ ತಿಂಗಳಲ್ಲಿ ಇಲ್ಲಿನ ಅನೇಕ ಮನೆಗಳ ಅಂಗಳದಲ್ಲಿ ವರ್ಷಕ್ಕಾಗುವಷ್ಟು ಸಾಸ್ ತಯಾರಾಗುತ್ತದೆ. ಹಿರಿಯರು ಹಣ್ಣು ಬೇಯಿಸಿ ಸಿಪ್ಪೆ, ಬೀಜ ಸೋಸಿದರೆ, ಮಕ್ಕಳು ಬಾಟಲಿಗೊಂದು ಬೇಸಿಲ್ ಎಲೆ ಹಾಕುತ್ತಾರೆ. ಅದು ನಮ್ಮ ಕಾಮಕಸ್ತೂರಿಯೇ. ಮುಚ್ಚಳ ಬಿಗಿದ ಬಾಟಲಿಗಳ ನಡುವೆ, ಒಡೆಯದಂತೆ ಬಟ್ಟೆ ತುರುಕಿ, ದೊಡ್ಡ ಹಂಡೆಯ ನೀರಿನಲ್ಲಿ ಕುದಿಸುತ್ತಾರೆ.

ವಿದ್ಯಾರ್ಥಿಗಳು ಗಮನಿಸಬೇಕಾದ ವಿಜ್ಞಾನ ಇಲ್ಲಿದೆ. ಗಾಳಿಯಿಲ್ಲದ ಬಾಟಲಿಯಲ್ಲಿ ಬೊಟುಲಿಸಂ ಎಂಬ ಮಾರಕ ಕಾಯಿಲೆ ತರುವ ಬ್ಯಾಕ್ಟೀರಿಯ ಬೆಳೆಯಬಲ್ಲದು. ಅದರ ಬೀಜಾಣುಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅವು ಮೊಳೆಯದಂತೆ ತಡೆಯುವುದು ಆಮ್ಲ. ಪಿಎಚ್ 4.6ಕ್ಕಿಂತ ಕೆಳಗಿರಬೇಕು. ಟೊಮೇಟೊ ಈ ಗೆರೆಯ ಆಚೀಚೆಯೇ ಇರುತ್ತದೆ. ಹೆಚ್ಚು ಕಳಿತಷ್ಟೂ ಹುಳಿ ಕಡಿಮೆ. ಆದ್ದರಿಂದ ಲೀಟರಿಗೆ ತುಂಬಿದ ಅರ್ಧ ಟೀ ಚಮಚ ಸಿಟ್ರಿಕ್ ಆಮ್ಲ ಬೆರೆಸುವುದು ಕ್ಷೇಮ. ಮುಚ್ಚಳ ಉಬ್ಬಿದ ಬಾಟಲಿಯನ್ನಂತೂ ರುಚಿಯನ್ನೂ ನೋಡದೆ ಎಸೆಯಬೇಕು. ಬೇಸಿಗೆಯ ಅಜ್ಜಿಯ ಕೈರುಚಿ ಚಳಿಗಾಲದಲ್ಲಿ ಮೊಮ್ಮಕ್ಕಳ ತಟ್ಟೆಯನ್ನು ಸುರಕ್ಷಿತವಾಗಿ ತಲುಪಲು ಇಷ್ಟು ರಸಾಯನಶಾಸ್ತ್ರ ಬೇಕೇ ಬೇಕು.