ಮೂರು ಮಿಲಿಮೀಟರ್ ಓರೆ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ನಾನು. ಉತ್ತರಪತ್ರಿಕೆ ತಿದ್ದುವಾಗ ಸಾಲು ಓರೆಯಾಗಿದ್ದರೆ, ಉತ್ತರ ಎಷ್ಟೇ ಸರಿಯಿರಲಿ, ಅರ್ಧ ಅಂಕ ಕಳೆಯುವ ಚಟವಿತ್ತು. ಹಾಗೆ ಕಳೆದ ಅರ್ಧರ್ಧ ಅಂಕಗಳೆಲ್ಲ ಎಲ್ಲೋ ಒಂದು ಕಡೆ ಜಮೆಯಾಗಿ, ಬಡ್ಡಿ ಬೆಳೆದು, ನಿವೃತ್ತಿಯ ಮೂರನೇ ವರ್ಷ ನೆಲಮಂಗಲದ ಗೋದಾಮೊಂದರ ಬಾಗಿಲಲ್ಲಿ ನನ್ನ ಕೊರಳಪಟ್ಟಿ ಹಿಡಿದು ನಿಲ್ಲಿಸುತ್ತವೆಂದು ಆಗ ಯಾರು ಕಂಡಿದ್ದರು?

ನಮ್ಮದು ಹೊಸನಗರದ ಕಡೆ. ಹಣ್ಣಾಗುವ ಮೊದಲೇ ಹೆಸರು ಮಾಡುವ ಮಾವು ನಮ್ಮ ಅಪ್ಪೆಮಿಡಿ. ಈಗ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಉಂಟು. ಹೊಳೆದಂಡೆಯ ಮರಗಳು ಆಕಾಶಕ್ಕೇ ಏಣಿ ಹಾಕಿದಂತಿರುತ್ತವೆ. ಕೊಯ್ಯುವವನು ತುದಿಗೆ ಹತ್ತಿ, ಗೊಂಚಲುಗಳನ್ನು ಬುಟ್ಟಿಗೆ ತುಂಬಿ, ಹಗ್ಗ ಕಟ್ಟಿ ನಿಧಾನಕ್ಕೆ ಕೆಳಗಿಳಿಸಬೇಕು. ನೆಲ ಮುಟ್ಟಿದ ಮಿಡಿಗೆ ಅಮ್ಮನ ಭರಣಿಯಲ್ಲಿ ಜಾಗವಿಲ್ಲ. ಬಿದ್ದ ಪೆಟ್ಟು ಇವತ್ತು ಕಾಣುವುದಿಲ್ಲ, ಮಳೆಗಾಲದಲ್ಲಿ ಮೆತ್ತಗಾಗಿ ಅಕ್ಕಪಕ್ಕದವನ್ನೂ ಕೆಡಿಸುತ್ತದೆ. ತೊಟ್ಟು ಮುರಿದದ್ದಕ್ಕೂ ಪ್ರವೇಶವಿಲ್ಲ. ಸೊನೆ ಸೋರಿಹೋದ ಮಿಡಿಯಲ್ಲಿ ಪರಿಮಳವೂ ನಿಲ್ಲದು, ಬಿಗಿಯೂ ನಿಲ್ಲದು. ಹರಳುಪ್ಪಿನಲ್ಲಿ ಮುಳುಗಿ ಅವು ಅಜ್ಜಿಯ ಕೆನ್ನೆಯಂತೆ ಸುಕ್ಕುಗಟ್ಟಿದ ಮೇಲೆ, ಅದೇ ಉಪ್ಪುನೀರಿನಲ್ಲಿ ಸಾಸಿವೆ, ಬ್ಯಾಡಗಿ ಮೆಣಸು, ಅರಿಶಿನ ರುಬ್ಬಿ ಕಲಸಬೇಕು. ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಅಮ್ಮ ಒಂದು ಚೀಟಿ ಸಿಕ್ಕಿಸುತ್ತಿದ್ದಳು: ‘ಹೊಳೆಬದಿ ಮರ. ಜೀರಿಗೆ ಪರಿಮಳ.’ ನಮ್ಮ ಮನೆಯ ಲೇಬಲ್ ಅಂದರೆ ಅಷ್ಟೇ.

ನಿವೃತ್ತನಾದ ಮೇಲೆ ಹೊತ್ತು ಹೋಗದೆ ಆ ಉಪ್ಪಿನಕಾಯಿಯನ್ನು ಬಾಟಲಿಗೆ ತುಂಬಿ ಮಾರತೊಡಗಿದೆ. ಬೆಂಗಳೂರಿನ ಒಂದು ಮೇಳದಲ್ಲಿ, ದೇಶದ ತುಂಬ ಅಂಗಡಿಗಳಿರುವ ದೊಡ್ಡ ಕಂಪನಿಯೊಂದರ ಖರೀದಿ ವಿಭಾಗದ ಹುಡುಗಿ ಒಂದು ಮಿಡಿ ಕಚ್ಚಿ, ಕಣ್ಣು ಮುಚ್ಚಿ, “ಅಂಕಲ್, ಇದು ನಮ್ಮ ಶೆಲ್ಫಲ್ಲಿ ಇರ್ಲೇಬೇಕು” ಅಂದಳು. ರುಚಿಯ ಬಗ್ಗೆ ಆ ಕಂಪನಿಯಿಂದ ನಾನು ಕೇಳಿದ ಮೊದಲ ಮಾತು ಅದು. ಕೊನೆಯದೂ ಅದೇ.

ವಾರದೊಳಗೆ ವೆಂಡರ್ ಮ್ಯಾನ್ಯುಯಲ್ ಬಂತು. 64 ಪುಟ. ಉಪ್ಪಿನಕಾಯಿ ಹೇಗಿರಬೇಕೆಂದು ಒಂದು ಪುಟ, ಉಪ್ಪಿನಕಾಯಿ ತುಂಬಿದ ಬಾಟಲಿ ಹೇಗಿರಬೇಕೆಂದು ಹತ್ತು ಪುಟ, ಬಾಟಲಿ ತುಂಬಿದ ಪೆಟ್ಟಿಗೆ ಹೇಗಿರಬೇಕೆಂದು ಮಿಕ್ಕ ಪುಟಗಳು. ಸರ್ಕಾರಿ ನೌಕರಿ ಮಾಡಿದವನಿಗೆ ಸುತ್ತೋಲೆಯ ಭಯವಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ನಂಬರು, ಹಸಿರು ಚೌಕದೊಳಗಿನ ಹಸಿರು ಚುಕ್ಕೆ, 890ರಿಂದ ಶುರುವಾಗುವ 13 ಅಂಕಿಯ ಬಾರ್‌ಕೋಡ್ ಎಲ್ಲವನ್ನೂ ಒಂದೊಂದಾಗಿ ಹೊಂದಿಸಿದೆ. ಉಪ್ಪುನೀರಿನ ಉಪ್ಪಿನಕಾಯಿಯಲ್ಲಿ ಶೇಕಡಾ 12ಕ್ಕೆ ಕಡಿಮೆಯಿಲ್ಲದಷ್ಟು ಉಪ್ಪಿರಬೇಕೆನ್ನುತ್ತದೆ ಕಾನೂನು. ಪ್ರಯೋಗಾಲಯದ ವರದಿಯಲ್ಲಿ ಅಮ್ಮನ ಹಿಡಿ ಅದನ್ನು ಆರಾಮಾಗಿ ದಾಟಿತ್ತು. “ಅಷ್ಟು ದುಡ್ಡು ಕೊಟ್ಟು ಕೇಳೂದೆಂತ? ನಾನೇ ಹೇಳ್ತಿದ್ದೆ” ಅಂದಳು.

ತಕರಾರು ಶುರುವಾದದ್ದು ಆಯುಸ್ಸಿನ ವಿಷಯದಲ್ಲಿ. ‘ಬೆಸ್ಟ್ ಬಿಫೋರ್’ 12 ತಿಂಗಳು ಎಂದು ಅಚ್ಚು ಹಾಕಿಸಿದೆ.

“ಒಂದು ವರ್ಷ ಆದ ಮೇಲಲ್ಲದನಾ ಅದಕ್ಕೆ ರುಚಿ ಹತ್ತೂದು?” ಅಂತ ಅಮ್ಮ.

“ಅಷ್ಟೇ ಅಲ್ಲಮ್ಮ, ಗೋದಾಮು ಮುಟ್ಟುವಾಗ ಆಯುಸ್ಸಿನಲ್ಲಿ ಮೂರನೇ ಎರಡು ಭಾಗ ಬಾಕಿ ಇರಬೇಕಂತೆ.”

ಎಂಬತ್ತು ದಾಟಿದ ಅಮ್ಮ ಒಂದು ಕ್ಷಣ ಲೆಕ್ಕ ಹಾಕಿದಳು. “ಹಂಗಾದ್ರೆ ನನ್ನನ್ನಂತೂ ಅವರು ಒಳಗೆ ಬಿಡೂದಿಲ್ಲ.”

ಮುಂದಿನದು ಪೆಟ್ಟಿಗೆಯ ಪರೀಕ್ಷೆ. ಐದು ಪದರದ ರಟ್ಟಿನ ಪೆಟ್ಟಿಗೆಯಲ್ಲಿ 12 ಬಾಟಲಿ ತುಂಬಿ, ಅಂಟುಪಟ್ಟಿ ಹಾಕಿ, 76 ಸೆಂಟಿಮೀಟರ್ ಎತ್ತರದಿಂದ ಬೀಳಿಸಬೇಕು. ಒಂದು ಸಲ ಮೂಲೆಯ ಮೇಲೆ, ಮೂರು ಸಲ ಅಂಚಿನ ಮೇಲೆ, ಆರು ಸಲ ಮುಖಗಳ ಮೇಲೆ, ಒಟ್ಟು ಹತ್ತು. ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ, ಸಾಗಣೆಯ ಲೋಕವೆಲ್ಲ ಒಪ್ಪಿಕೊಂಡ ಕ್ರಮ. ಜಗಲಿಯಲ್ಲಿ ಟೇಪು ಹಿಡಿದು ಅಳೆದು, ಪಂಚೆ ಎತ್ತಿಕಟ್ಟಿ ಮೊದಲ ಸಲ ಬಿಟ್ಟೆ. ಧಡ್! ಅಡುಗೆಮನೆಯಿಂದ ಅಮ್ಮ ಓಡಿ ಬಂದವಳು, ಮಗ ಅದೇ ಪೆಟ್ಟಿಗೆಯನ್ನು ಎರಡನೇ ಸಲ ಎತ್ತುವುದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು. ಮರದಿಂದ ಹಗ್ಗದಲ್ಲಿ ಇಳಿದು, ಒಮ್ಮೆಯೂ ನೆಲ ಕಾಣದೆ ಭರಣಿ ಸೇರಿದ ಮಿಡಿಗಳು ಅವು.

ಹತ್ತೂ ಸಲ ಮುಗಿಯುವವರೆಗೆ ಅವಳು ಮಾತಾಡಲಿಲ್ಲ. ಒಂದು ಬಾಟಲಿಯೂ ಒಡೆದಿರಲಿಲ್ಲ. ಅವಳಿಗೆ ಅದು ಸಮಾಧಾನದ ಸಂಗತಿ ಅನ್ನಿಸಿದಂತೆ ಕಾಣಲಿಲ್ಲ. “ನಿವೃತ್ತಿ ಎಲ್ಲರಿಗೂ ಆಗಿಬರೂದಿಲ್ಲ” ಎಂದು ನನ್ನ ಹೆಂಡತಿಗೆ ಹೇಳಿ ಒಳಗೆ ಹೋದಳು.

ರಾತ್ರಿ ಊಟದ ಹೊತ್ತಿಗೆ ತಪಾಸಣೆಯ ಅಧ್ಯಾಯ ಓದಿ ಹೇಳಿದೆ. 960 ಬಾಟಲಿ ಕಳಿಸಿದರೆ ಅವರು ಎಲ್ಲವನ್ನೂ ನೋಡುವುದಿಲ್ಲ, ಅಲ್ಲೊಂದು ಇಲ್ಲೊಂದು 80 ಆರಿಸುತ್ತಾರೆ. ಅದರಲ್ಲಿ ಐದರವರೆಗೆ ದೋಷವಿದ್ದರೆ ಇಡೀ ಲೋಡು ಪಾಸು, ಆರು ಸಿಕ್ಕರೆ ಇಡೀ ಲೋಡು ವಾಪಸ್ಸು. ಈ ಲೆಕ್ಕದ ಬೇರು ಎರಡನೇ ಮಹಾಯುದ್ಧದಲ್ಲಿದೆ. ಮದ್ದುಗುಂಡನ್ನು ಪರೀಕ್ಷಿಸಲು ಅಮೆರಿಕದ ಸೇನೆ ಬಳಸಿದ ಕೋಷ್ಟಕಗಳೇ ಬೆಳೆದು 1950ರಲ್ಲಿ ಮಿಲ್-ಸ್ಟ್ಯಾಂಡರ್ಡ್ 105ಎ ಎಂಬ ಹೆಸರು ಪಡೆದವು, ಆಮೇಲೆ ಜಗತ್ತಿನ ಗೋದಾಮುಗಳಿಗೆಲ್ಲ ಹಬ್ಬಿದವು. ಹಾರಿಸಿ ನೋಡಿದ ಗುಂಡು ಮತ್ತೆ ಬಂದೂಕಿಗೆ ಬಾರದು, ಮುಚ್ಚಳ ತೆಗೆದು ನೋಡಿದ ಬಾಟಲಿ ಶೆಲ್ಫಿಗೆ ಬಾರದು. ಹಾಗಾಗಿ ಇಬ್ಬರಿಗೂ ಒಂದೇ ಗಣಿತ. ದೋಷಗಳಲ್ಲೂ ದರ್ಜೆಗಳಿವೆ: ಕ್ರಿಟಿಕಲ್, ಮೇಜರ್, ಮೈನರ್.

“ಮೇಜರ್ ಅಂದ್ರೆ ಮಿಲಿಟರಿಯವರಲ್ಲದನಾ?” ಅಂದಳು ಅಮ್ಮ. ಅವಳು ಅರ್ಥ ಮಾಡಿಕೊಂಡಷ್ಟು ನಾನೂ ಮಾಡಿಕೊಂಡಿರಲಿಲ್ಲ.

ಕೊನೆಗೆ 80 ಪೆಟ್ಟಿಗೆ ಲಾರಿಗೇರಿತು. ಗೋದಾಮಿನಲ್ಲಿ ನಮಗೆ ಕೊಟ್ಟ ಹೊತ್ತು ಬೆಳಗ್ಗೆ ಏಳು. ಮದುವೆ ಮುಹೂರ್ತವಾದರೂ ಹತ್ತು ನಿಮಿಷ ಹಿಂದೆ ಮುಂದೆ ಆದೀತು, ಇದು ಆಗದು ಎಂದು ಡ್ರೈವರನಿಗೆ ಹೆದರಿಸಿ ಆರಕ್ಕೇ ತಲುಪಿದ್ದೆ. ಒಳಗೆ ಬಿಟ್ಟದ್ದು ಹನ್ನೊಂದೂವರೆಗೆ. ಹೊತ್ತಿನ ನಿಯಮ ಬರುವವರಿಗೆ ಮಾತ್ರ, ಬರಮಾಡಿಕೊಳ್ಳುವವರಿಗಲ್ಲ.

ತಪಾಸಣೆಯ ಹುಡುಗ ಸಭ್ಯ. ನನ್ನ ಶಿಷ್ಯರ ವಯಸ್ಸು. “ಸರ್” ಎಂದೇ ಮಾತಾಡಿಸಿದ. ನನ್ನ ಮುಂದೆಯೇ ಒಂದು ಬಾಟಲಿ ತೆರೆದು ಜರಡಿಗೆ ಸುರಿದ. ರಸವೆಲ್ಲ ಇಳಿಯಲು ಎರಡು ನಿಮಿಷ ಬಿಟ್ಟು ಉಳಿದ ಮಿಡಿ ತೂಗಬೇಕು. ಒಟ್ಟು ತೂಕದಲ್ಲಿ ಅದು ಶೇಕಡಾ 60ಕ್ಕೆ ಕಡಿಮೆಯಿರಬಾರದು. ಆ ಎರಡು ನಿಮಿಷದಲ್ಲಿ ಜೀರಿಗೆಯ ಪರಿಮಳ ಸೋಪಿನ ಪೆಟ್ಟಿಗೆಗಳನ್ನು ದಾಟಿ, ಬಿಸ್ಕತ್ತಿನ ಗೋಡೆಯನ್ನು ಸುತ್ತಿ ಬಂತು. ಫೋರ್ಕ್‌ಲಿಫ್ಟ್‌ನವನು ಗಾಡಿ ನಿಲ್ಲಿಸಿ ಮೂಗೆತ್ತಿದ. ತೂಕ ಸರಿ ಬಂತು. ತೆರೆದ ಬಾಟಲಿಯ ಮುಂದೆ ಹುಡುಗ ‘ಡಿಸ್ಪೋಸ್ಡ್’ ಎಂದು ಬರೆದ. ಮಧ್ಯಾಹ್ನ ಚಹಾಕ್ಕೆಂದು ಹೊರಗೆ ಬಂದಾಗ ನೋಡುತ್ತೇನೆ, ಶೆಡ್ಡಿನ ನೆರಳಲ್ಲಿ ಹುಡುಗ, ಫೋರ್ಕ್‌ಲಿಫ್ಟ್‌ನವನು, ಇಬ್ಬರು ಹಮಾಲರು ಸೇರಿ ಮೊಸರನ್ನದ ಜೊತೆ ಡಿಸ್ಪೋಸ್ ಮಾಡುತ್ತಿದ್ದಾರೆ. ಒಬ್ಬ ತೊಟ್ಟನ್ನೂ ಬಿಡದೆ ಚೀಪುತ್ತಿದ್ದ.

ಮೂರು ಗಂಟೆಗೆ ಹುಡುಗ ನನ್ನನ್ನು ಕರೆದ. ಅವನ ಮೇಜಿನ ಮೇಲೆ ಆರು ಬಾಟಲಿ ಸಾಲಾಗಿದ್ದವು. ಸ್ಟೀಲ್ ಸ್ಕೇಲು ಹಿಡಿದು ತೋರಿಸಿದ.

“ಲೇಬಲ್ ಓರೆ ಸರ್. ಮೂರು ಮಿಲಿಮೀಟರ್‌ಗಿಂತ ಜಾಸ್ತಿ ಹೋದ್ರೆ ಮೇಜರ್‌ಗೆ ಬರತ್ತೆ.”

“ಒಳಗಿನದ್ದು?”

“ಒಳಗಿನದ್ದು ಫಸ್ಟ್ ಕ್ಲಾಸ್ ಸರ್,” ಎಂದು ಅವನು ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿನ ಮೇಲೆ ಮೆತ್ತಗೆ, “ಆದ್ರೆ ಅದಕ್ಕೆ ಇಲ್ಲಿ ಕಾಲಂ ಇಲ್ಲ” ಅಂದ.

ಉತ್ತರ ಸರಿಯಿದ್ದೂ ಅರ್ಧ ಅಂಕ ಕಳೆದುಕೊಂಡು ಹಿಂದಿನ ಬೆಂಚಿಗೆ ಮರಳಿದ ಅಷ್ಟೂ ಮಕ್ಕಳ ಮುಖ ಆಗ ಕಣ್ಣೆದುರು ಬಂತು. ಅವರಲ್ಲಿ ಯಾರೂ ನನ್ನೊಡನೆ ವಾದ ಮಾಡಿರಲಿಲ್ಲ. ನಾನೂ ಮಾಡಲಿಲ್ಲ.

ಆರು ಬಾಟಲಿಗಳನ್ನು ಮತ್ತೊಮ್ಮೆ ನೋಡಿದೆ. ಆರೂ ಎಡಕ್ಕೇ ವಾಲಿದ್ದವು, ಆರರದ್ದೂ ಒಂದೇ ವಾಲು. ಭರಣಿಯ ಚೀಟಿಯ ಅಕ್ಷರಗಳು ವಾಲುತ್ತಿದ್ದದ್ದೂ ಹಾಗೆಯೇ. ಲೇಬಲ್ ಅಂಟಿಸಲು ಊರಿನ ಇಬ್ಬರು ಹೆಣ್ಣುಮಕ್ಕಳನ್ನು ಗೊತ್ತು ಮಾಡಿದ್ದೆ. ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಜಗಲಿಯಲ್ಲಿ ಕೂತು ಅಂಟಿಸುತ್ತಿದ್ದವರು ಯಾರೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆ ಕೈ ಇತ್ತೀಚೆಗೆ ನಡುಗುತ್ತಿದೆ ಎಂಬುದನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದನ್ನು ಅಳೆದು ತೋರಿಸಲು ನೆಲಮಂಗಲದ ಸ್ಕೇಲು ಬೇಕಾಯಿತು.

ಲಾರಿ ಬಾಡಿಗೆ ಎರಡೂ ಕಡೆಯದು ನನ್ನದೇ. ಮನೆಯಲ್ಲಿ, “ಲೇಬಲ್ಲು ಸೊಟ್ಟ ಅಂತ ವಾಪಸ್ ಕಳಿಸಿದ್ರು” ಎಂದಷ್ಟೇ ಹೇಳಿದೆ. “ಲೇಬಲ್ಲು ಸೊಟ್ಟ ಆದ್ರೆ ಉಪ್ಪಿನಕಾಯಿಗೇನು ಉಳುಕೇ?” ಎಂದು ಅಮ್ಮ ನಕ್ಕಳು. ಮರುದಿನ ಬಿಸಿನೀರಿನಲ್ಲಿ ಅದ್ದಿ ಲೇಬಲ್ ಕೀಳುವಾಗ ಮಾತ್ರ ಅವಳು ಹತ್ತಿರ ಬರಲಿಲ್ಲ. ಯಾವುದು ಯಾರ ಕೈಯದ್ದೆಂದು ಅವಳಿಗೂ ತಿಳಿದಿತ್ತು.

ಪೇಟೆಯಿಂದ ಲೇಬಲ್ ಅಂಟಿಸುವ ಕೈಯಂತ್ರ ತಂದೆ. ಬಾಟಲಿ ಮಲಗಿಸಿ ಹಿಡಿ ತಿರುಗಿಸಿದರೆ ಲೇಬಲ್ ಗೆರೆ ಎಳೆದಂತೆ ಕೂರುತ್ತದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, “ಚೆಂದ ಮಾಡ್ತದೆ” ಅಂದಳು. ಹೊಸ ಸೊಸೆಯ ಅಡುಗೆಗೆ ಹೇಳುವ ಧ್ವನಿಯಲ್ಲಿ. ಮಾರನೇ ದಿನದಿಂದ ತಾನೇ ಇನ್ನೊಂದು ಹುದ್ದೆ ಸೃಷ್ಟಿಸಿಕೊಂಡಳು. ಕನ್ನಡಕ ಏರಿಸಿ, ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುವುದು. 80 ಅಲ್ಲ, 960. ನಾಲ್ಕು ದಿನ ಕೂತು ಹನ್ನೊಂದು ಬಾಟಲಿ ಪಕ್ಕಕ್ಕಿಟ್ಟಳು. ಒಂದರಲ್ಲಿ ತೊಟ್ಟು ಕಳಚಿದ ಮಿಡಿ, ಒಂದರಲ್ಲಿ ರಸ ಕಡಿಮೆ, ಇನ್ನೊಂದರ ಬಣ್ಣ ಅವಳಿಗೆ ಹಿಡಿಸಲಿಲ್ಲ.

“ಅಷ್ಟೆಲ್ಲ ಬೇಡಮ್ಮ. ನೂರಕ್ಕೆ ಎರಡೂವರೆ ಕೆಟ್ಟರೂ ನಡೀತದೆ ಅಂತ ಅವರೇ ಬರೆದಿದ್ದಾರೆ.”

ಅಮ್ಮ ಕನ್ನಡಕದ ಮೇಲಿಂದ ನೋಡಿದಳು. “ಆ ಎರಡೂವರೆ ಯಾರ ಮನೆಗೆ ಹೋಗ್ತದೆ ಅಂತ ಬರೆದಿದಾರನಾ?”

64 ಪುಟದಲ್ಲಿ ಅದೊಂದಿರಲಿಲ್ಲ.

ಎರಡನೇ ಲೋಡು ಪಾಸಾಯಿತು. 80ರಲ್ಲಿ ದೋಷ ಸೊನ್ನೆ. ಅದೇ ಹುಡುಗ, “ಸೊನ್ನೆ ಬರೋದು ಅಪರೂಪ ಸರ್” ಎಂದು ಕೈ ಕುಲುಕಿದ. ಸಣ್ಣ ಉದ್ಯಮದವರಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ನಮ್ಮ ಹಣ ಅದಕ್ಕಿಂತ ತಡವಾಗಿ, ಮಿಡಿಯಂತೆಯೇ ಚೆನ್ನಾಗಿ ಮಾಗಿ ಬಂತು.

ಆ ಆರು ಬಾಟಲಿಗಳ ಲೇಬಲ್ ನಾನು ಕೀಳಲಿಲ್ಲ. ಐದನ್ನು ಮನೆಯಲ್ಲೇ ಉಂಡು ಮುಗಿಸಿದೆವು. ಆರನೆಯದು ಅಡುಗೆಮನೆಯ ಗೂಡಿನಲ್ಲಿದೆ. ಅದರ ಅಚ್ಚಿನ ಆಯುಸ್ಸು ಹೋದ ತಿಂಗಳಿಗೆ ಮುಗಿಯಿತು; ಅಮ್ಮನ ಲೆಕ್ಕದಲ್ಲಿ ಈಗಷ್ಟೇ ಶುರು. ಅವಳು ಪಕ್ಕದ ಕೋಣೆಯಲ್ಲಿ ಮಲಗಿರುತ್ತಾಳೆ, ಈಗೀಗ ಹಗಲಲ್ಲೂ. ಈ ವರ್ಷದ ಮಿಡಿ ಬಂದಿದೆಯಾ, ಹಗ್ಗದಲ್ಲೇ ಇಳಿಸಿದರಾ ಎಂದು ಅಲ್ಲಿಂದಲೇ ಕೇಳುತ್ತಾಳೆ. ನಾನು ನೀರು ಕುಡಿಯಲು ಹೋದಾಗಲೆಲ್ಲ ಆ ಬಾಟಲಿಯ ಮೇಲಿನ ಅಕ್ಷರ ಓದುತ್ತೇನೆ. ಓದಬೇಕಾದರೆ ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಬೇಕು.